ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಆಸ್ಪತ್ರೆಯ ದಾರಿ: ಬೆಂಗಳೂರಿನ ಹೃದ್ರೋಗ ಅಧ್ಯಯನಗಳ ಮರುಓದು

ಹೃದ್ರೋಗದ ಅಪಾಯಾಂಶಗಳ ಚರ್ಚೆ ನಮ್ಮಲ್ಲಿ ಇಂದಿಗೂ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಿಂದಲೇ ಶುರುವಾಗುತ್ತದೆ. 1948ರಲ್ಲಿ ಅಲ್ಲಿ ಆರಂಭವಾದ ಅಧ್ಯಯನಕ್ಕೆ ಆ ಗೌರವ ಸಲ್ಲಬೇಕಾದ್ದೇ. ಆದರೆ ನಮ್ಮ ವೈದ್ಯರು ಮೊದಲು ಓದಬೇಕಾದ ದಾಖಲೆ ಬೆಂಗಳೂರಿನದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಮೊದಲ ಬಾರಿ ಹೃದಯಾಘಾತವಾದ 200 ಮಂದಿಯನ್ನು ಅವರು ಅದೇ ವಯಸ್ಸು, ಲಿಂಗದ 200 ಮಂದಿಯೊಂದಿಗೆ ಹೋಲಿಸಿ ನೋಡಿದ್ದರು.

ಅದರಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಧೂಮಪಾನ. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಬೀಡಿ ಸೇದುವವರಲ್ಲಿ ಆಡ್ಸ್ ಅನುಪಾತ (ಸೇದದವರಿಗೆ ಹೋಲಿಸಿದ ಅಪಾಯದ ಅಳತೆ) 6.7. ನನಗೆ ಅಷ್ಟೇ ಮಹತ್ವದ್ದಾಗಿ ಕಾಣುವುದು ಸಕ್ಕರೆಯ ವಿಚಾರ. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ ಏರಿದಂತೆಲ್ಲ ಅಪಾಯವೂ ಏರಿತು. ಲ್ಯಾಬ್ ವರದಿ ‘ನಾರ್ಮಲ್’ ಎನ್ನುವ ಮಟ್ಟದೊಳಗೂ ಈ ಏರಿಕೆ ಕಂಡಿತು. ಸೊಂಟ–ನಿತಂಬ ಅನುಪಾತದ್ದೂ ಹೀಗೆಯೇ. ‘ಶುಗರ್ ಇಲ್ಲ’ ಎಂಬ ಒಂದೇ ಮಾತಿನಿಂದ ನಿಶ್ಚಿಂತರಾಗಲು ಈ ದತ್ತಾಂಶ ಅವಕಾಶ ಕೊಡುವುದಿಲ್ಲ.

ಸೊಂಟ ಅಳೆಯುವ ಕ್ರಮವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪ್ಯಾಂಟಿನ ಸೈಜನ್ನೇ ಸೊಂಟದ ಅಳತೆ ಎಂದುಕೊಂಡವರು ಬಹಳ. ಬೊಜ್ಜು ಬಂದವರು ಬೆಲ್ಟನ್ನು ಹೊಟ್ಟೆಯ ಕೆಳಗೆ ಬಿಗಿಯುತ್ತಾರೆ. ಹೊಟ್ಟೆ ಬೆಳೆದರೂ ಪ್ಯಾಂಟಿನ ಸೈಜು ಹಾಗೇ ಉಳಿಯುತ್ತದೆ. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ, ಉಸಿರು ಬಿಟ್ಟಾಗ, ಬಿಗಿಯದೆ ಹಿಡಿಯಬೇಕು. ಭಾರತೀಯರಿಗೆ ಒಪ್ಪಿತ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ತೂಕ ಸರಿಯಿದ್ದೂ ಈ ಮಿತಿ ದಾಟಿದವರು ನಮ್ಮಲ್ಲಿ ಕಡಿಮೆಯಿಲ್ಲ.

2004ರಲ್ಲಿ ಪ್ರಕಟವಾದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಈ ಚಿತ್ರವನ್ನು ಹಿಗ್ಗಿಸಿತು. ಅದರ ಪ್ರಕಾರ ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಲ್ಲಿ ಶೇ. 90, ಮಹಿಳೆಯರಲ್ಲಿ ಶೇ. 94 ಪಾಲು ತಿದ್ದಿಕೊಳ್ಳಬಲ್ಲ ಒಂಬತ್ತು ಅಂಶಗಳದ್ದು. ದಕ್ಷಿಣ ಏಷ್ಯಾದವರಿಗೆ ಆಘಾತ ಐದಾರು ವರ್ಷ ಮೊದಲೇ ಬರುತ್ತದೆ; ಚಿಕ್ಕ ವಯಸ್ಸಿನಲ್ಲೇ ಈ ಅಂಶಗಳು ಹೆಚ್ಚಿರುವುದು ಅದಕ್ಕೆ ಬಹುಮಟ್ಟಿನ ಕಾರಣ. ‘ನಮ್ಮ ವಂಶದಲ್ಲೇ ಇದೆ’ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ದೇಹದ ಲೆಕ್ಕ. ಡೆನಿಸ್ ಕ್ಸೇವಿಯರ್, ಪೈಸ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ದಾಖಲಾತಿ ಇನ್ನೊಂದು ಲೆಕ್ಕವನ್ನು ಮುಂದಿಟ್ಟಿತು. ದೇಶದ 89 ಕೇಂದ್ರಗಳ 20,468 ರೋಗಿಗಳ ಮಾಹಿತಿ ಅದರಲ್ಲಿದೆ. ಲಕ್ಷಣ ಕಾಣಿಸಿದ ಮೇಲೆ ಆಸ್ಪತ್ರೆ ಸೇರಲು ಹಿಡಿದ ಮಧ್ಯಕ ಅವಧಿ 360 ನಿಮಿಷ. ರಕ್ತನಾಳ ಪೂರ್ತಿ ಮುಚ್ಚಿದಾಗ ಹೃದಯದ ಸ್ನಾಯು ಸಾಯತೊಡಗುವುದು ಮೊದಲ ಗಂಟೆಯೊಳಗೇ. ಆದರೂ ಎದೆ ಬಿಗಿದು ಬೆವರುತ್ತಿರುವವರಿಗೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ನಿಂಬೆಹುಳಿ ಸೋಡಾ ಕುಡಿಸಿ ಮಲಗಿಸುವುದು ನಮ್ಮ ಮನೆಗಳಲ್ಲಿ ನಿಂತಿಲ್ಲ. ಮೂವತ್ತು ದಿನಗಳ ಸಾವಿನ ಪ್ರಮಾಣ ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5 ಇತ್ತು. ಅಪಾಯಾಂಶಗಳನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಹಾಗೇ ಉಳಿಯಿತು. ದೊರೆತ ಚಿಕಿತ್ಸೆಯನ್ನು ಹಿಡಿದಾಗ ಮಾಯವಾಯಿತು. ಬಡವರ ಹೆಚ್ಚುವರಿ ಸಾವಿಗೆ ಅವರ ಅಭ್ಯಾಸಗಳನ್ನು ದೂರುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಮುಟ್ಟಿರುವುದು ಈ ಕೊರತೆಯನ್ನೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಇದರ ಫಲವನ್ನು ಅಳೆಯುವವರು ಗಡಿಯಾರವನ್ನು ಆಸ್ಪತ್ರೆಯ ಬಾಗಿಲಿನಿಂದಲ್ಲ, ಮನೆಯಲ್ಲಿ ನೋವು ಶುರುವಾದ ಕ್ಷಣದಿಂದ ಎಣಿಸಬೇಕು.