ತಾಳಗುಪ್ಪದ ಕವಲುದಾರಿ

ಮಹಾನದಿಗಳನ್ನು ಕೊಂಡಾಡುವವರು ಉಪನದಿಗಳನ್ನು ಮರೆಯುವಂತೆ, ರೈಲುಮಾರ್ಗಗಳ ಚರಿತ್ರೆಯಲ್ಲಿಯೂ ಕವಲುದಾರಿಗಳಿಗೆ ದೊರೆಯುವ ಸ್ಥಳವು ಅಲ್ಪವೇ. ಬೀರೂರಿನಿಂದ ಮಲೆನಾಡಿಗೆ ಕವಲೊಡೆದ ಮಾರ್ಗದ ವೃತ್ತಾಂತವಾದರೋ ಕರಾವಳಿಯವರಿಗೂ ಸಂಬಂಧಪಟ್ಟುದು. ಅದು ಘಟ್ಟವಿಳಿದು ಕಡಲನ್ನು ಸೇರಬೇಕೆಂಬ ಅಪೇಕ್ಷೆ ಬಹುಕಾಲದ್ದಾಗಿದೆ.

ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ಮೀಟರ್ ಗೇಜಿನ ಕಂಬಿ ಬಂದಿತು. ನಡುವಣ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿದ್ದ ಆ ಕಾರ್ಖಾನೆಗೆ ಈ ಕವಲುದಾರಿಯು ಜೀವನಾಡಿಯಾಯಿತು. 1940ರಲ್ಲಿ ಕಂಬಿಯು ಆನಂದಪುರ, ಸಾಗರಗಳನ್ನು ದಾಟಿ ಜೋಗದ ಜಲಪಾತಕ್ಕೆ ಸಮೀಪದ ತಾಳಗುಪ್ಪವನ್ನು ಮುಟ್ಟಿ, ಅಲ್ಲಿಯೇ ನಿಂತಿತು.

ಮುಂದೆ ಘಟ್ಟ, ಘಟ್ಟದ ಕೆಳಗೆ ಪರಾಡಳಿತ. ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. ಭಟ್ಕಳದ ಬಂದರು ತನಗೊದಗಬೇಕೆಂಬ ಯೋಚನೆ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ ಇದ್ದರೂ, ಆ ಊರು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಆ ಗಡಿಯೇನೋ ಅಳಿಯಿತು; ಕಂಬಿ ಮಾತ್ರ ಮುಂದುವರಿಯಲಿಲ್ಲ.

ಬೀರೂರು-ಶಿವಮೊಗ್ಗೆಗಳ ನಡುವೆ ಅಗಲದ ಕಂಬಿ ಬಂದ ಮೇಲೆ, ತಾಳಗುಪ್ಪದ ಕಿರಿದಾರಿಯು ಒಂಟಿಯಾಯಿತು. ಉದ್ದನೆಯ ಗಾಡಿಯ ಬದಲು ಕಂಬಿಯ ಮೇಲೆ ಓಡುವ ಬಸ್ಸಿನಂತಹ ಪುಟ್ಟ ‘ರೈಲುಬಸ್ಸು’ ಅಲ್ಲಿ ಸಂಚರಿಸಿತು. ನೋಡುವವರಿಗೆ ಅದು ವಿನೋದ. ಮಳೆಗಾಲದಲ್ಲಿ ಪೇಟೆಗೆ ಹೊರಟ ಹಳ್ಳಿಗರಿಗೆ ಆಧಾರ. ಇಂತಹ ದಾರಿಯ ಯೋಗ್ಯತೆಯನ್ನು ಟಿಕೆಟಿನ ಹಣದಿಂದ ಮಾತ್ರವೇ ಅಳೆಯುವುದು ನ್ಯಾಯವಲ್ಲ. ದೇಶದ ಅನೇಕ ಕವಲುದಾರಿಗಳು ಲೆಕ್ಕದ ಪುಸ್ತಕಕ್ಕೆ ಬಲಿಯಾದರೂ ಇದು ಉಳಿಯಿತು; 2011ರ ವೇಳೆಗೆ ತಾಳಗುಪ್ಪದವರೆಗೂ ಅಗಲದ ಕಂಬಿ ಮುಟ್ಟಿತು.

ಇತ್ತ ಕಡಲತಡಿಯಲ್ಲಿ ಮಂಗಳೂರಿಗೆ 1907ರಲ್ಲಿಯೇ ತೆಂಕಣಿಂದ ರೈಲು ಬಂದಿದ್ದರೂ, ಉಡುಪಿಯವರು ಇನ್ನೂ 86 ವರುಷ ಕಾಯಬೇಕಾಯಿತು. 1993ರಲ್ಲಿ ಕೊಂಕಣ ರೈಲುಮಾರ್ಗದ ಈ ಭಾಗವು ತೆರೆದುದರಿಂದ ಕಟಪಾಡಿಯ ನೆರೆಯ ಇನ್ನಂಜೆಯಲ್ಲಿಯೂ ಗಾಡಿಯ ಕೂಗು ಕೇಳಿಸಿತು. 1998ರಲ್ಲಿ ಇಡೀ ಮಾರ್ಗವು ಪೂರ್ಣವಾಯಿತು.

ಈಗ ಘಟ್ಟದ ಮೇಲೆ ತಾಳಗುಪ್ಪ, ಕೆಳಗೆ ಹೊನ್ನಾವರ. ಎರಡೂ ಕಡೆ ರೈಲುಂಟು. ನಡುವೆ ಸಿಂಗಳೀಕಗಳು ವಾಸಿಸುವ ಶರಾವತಿಯ ಕಾಡು. ಅದನ್ನು ಸೀಳಿ ಕಂಬಿ ಹಾಸುವುದು ಉಚಿತವೇ ಎಂಬ ಪ್ರಶ್ನೆಯು ಹಿಂದಿನವರಿಗೆ ಅಷ್ಟಾಗಿ ತೋರಲಿಲ್ಲ. ಇಂದಿನವರು ಅದನ್ನು ತಳ್ಳಿಹಾಕಲಾರರು. ಶರಾವತಿಯೇನೋ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಕಡಲನ್ನು ಕೂಡುತ್ತಾಳೆ. ತಾಳಗುಪ್ಪದಲ್ಲಿಳಿದ ಪ್ರಯಾಣಿಕನು ಕಡಲನ್ನು ಕಾಣಬೇಕಾದರೆ ಇಂದಿಗೂ ಘಟ್ಟದ ರಸ್ತೆಯನ್ನೇ ಹಿಡಿಯಬೇಕು.