ಹಂಪಿಯ ಗುಡಿಗಳು: ಅಳೆದದ್ದು ಮೇಲಿನದು, ಉಳಿದದ್ದು ನೆಲದಡಿ

ಹಂಪಿಯ ದೇವಾಲಯಗಳ ಅಧ್ಯಯನವೆಂದರೆ ತೆರೆಯ ಮೇಲೆ ತಿರುಗುವ ಮೂರು ಆಯಾಮದ ಚಿತ್ರ ಎಂಬ ಭಾವನೆ ಈಚೆಗೆ ಬೇರೂರುತ್ತಿದೆ. ವಿಠ್ಠಲ ದೇವಾಲಯದ ಅಂಥ ಚಿತ್ರ ಕಂಡಾಗ ಅದರ ಅಳತೆ ಎಲ್ಲಿಂದ ಬಂತು, ಅಧಿಷ್ಠಾನದ ಕೆಳಗೇನಿದೆ ಎಂದು ಕೇಳುವವರು ಕಡಿಮೆ.

1799ರಲ್ಲಿ ಕಾಲಿನ್ ಮೆಕೆಂಜಿ ಇಲ್ಲಿನ ನಕ್ಷೆ ಮಾಡಿಸಿದ. 1856ರಲ್ಲಿ ಗ್ರೀನ್‌ಲಾ ಮೇಣ ಬಳಿದ ಕಾಗದದ ನೆಗೆಟಿವ್‌ಗಳಲ್ಲಿ ಗುಡಿಗಳನ್ನು ಸೆರೆಹಿಡಿದ. 1917ರಲ್ಲಿ ಲಾಂಗ್‌ಹರ್ಸ್ಟ್‌ನ ಪುಸ್ತಕ ಬಂತು. ಕಲ್ಲುಕಲ್ಲನ್ನೂ ಅಳೆಯುವ ಕೆಲಸಕ್ಕೆ ಮಾತ್ರ ಇನ್ನೂ ಆರು ದಶಕ ಕಾಯಬೇಕಾಯಿತು.

ಆ ಕೆಲಸ ನಮ್ಮ ತಲೆಮಾರಿನ ಕಣ್ಣೆದುರೇ ನಡೆಯಿತು. ಎಂ.ಎಸ್. ನಾಗರಾಜರಾವ್ ರಾಜ್ಯ ಪುರಾತತ್ವ ಇಲಾಖೆಯನ್ನು ನಡೆಸುತ್ತಿದ್ದಾಗ ಪುರಾತತ್ವಜ್ಞ ಜಾನ್ ಫ್ರಿಟ್ಜ್, ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಚೆಲ್ ಬಂದರು. ಪಟ್ಟಣವನ್ನು ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಅಕ್ಷರ ಕೊಟ್ಟು, ಬಿದ್ದ ಗೋಡೆಯನ್ನೂ ಹೆಸರಿಲ್ಲದ ಗುಡಿಯನ್ನೂ ನಕ್ಷೆಗೆ ಏರಿಸಿದರು. ಹಜಾರ ರಾಮ ದೇವಾಲಯದ ಉತ್ತರ-ದಕ್ಷಿಣ ರೇಖೆ ನೇರ ಮತಂಗ ಪರ್ವತದ ಶಿಖರಕ್ಕೆ ಹೋಗುತ್ತದೆಂದು ತಿಳಿದದ್ದು ಈ ನಿಷ್ಠೆಯ ಅಳತೆಯಿಂದ. ಅದೇ ದೇವಾಲಯದ ಮೇಲೆ ಧಾರವಾಡದ ಎಸ್. ರಾಜಶೇಖರ ಅವರೂ ಸೇರಿ 1992ರಲ್ಲಿ ತಂದ ಗ್ರಂಥ ಇಂದಿಗೂ ಹಳತಾಗಿಲ್ಲ. ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಫಿಲಿಯೋಜಾ ವಿಠ್ಠಲ ದೇವಾಲಯದ ಶಾಸನಗಳನ್ನೂ ಕಟ್ಟಡವನ್ನೂ ಒಟ್ಟಿಗೆ ಓದಿ 1988ರಲ್ಲಿ ಪುಸ್ತಕ ಮಾಡಿದರು. ಕಲ್ಲಿನ ಜೊತೆ ಬರಹವನ್ನೂ ಓದುವ ಆ ಕ್ರಮವೇ ನನಗೆ ಇವತ್ತಿಗೂ ಮಾದರಿ.

ಮುಂದಿನ ದೊಡ್ಡ ಹೆಜ್ಜೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ. ಲೇಸರ್ ಸ್ಕ್ಯಾನ್, ಫೋಟೊಗಳಿಂದ ಕಟ್ಟಿದ ಮಾದರಿ, ಮುಕ್ಕಾದ ಶಿಲ್ಪದ ಕಳೆದ ಭಾಗವನ್ನು ಗಣಕದಲ್ಲಿ ತುಂಬುವ ವಿಧಾನ ಎಲ್ಲವೂ ಬಂದವು. ಹುಬ್ಬಳ್ಳಿಯ ಎಂಜಿನಿಯರುಗಳ ಪಾಲು ಇದರಲ್ಲಿ ಗಣನೀಯ. ಆದರೆ ಅಳೆದು ಪಡೆದದ್ದನ್ನೂ ಊಹಿಸಿ ತುಂಬಿದ್ದನ್ನೂ ಒಂದೇ ಬಣ್ಣದಲ್ಲಿ ತೋರಿಸುವ ಮಾದರಿ, ಎಷ್ಟೇ ಚೆಂದವಿರಲಿ, ಆಧಾರವಾಗಿ ನಿಲ್ಲದು.

ಕಲ್ಲಿನ ಒಳಗನ್ನು ನೋಡಿದ ಉದಾಹರಣೆಯೂ ಇಲ್ಲೇ ಇದೆ. ವಿಠ್ಠಲ ದೇವಾಲಯದ ಸಂಗೀತ ಕಂಬಗಳು ಟೊಳ್ಳು ಎಂಬ ಮಾತಿತ್ತು. ಕಲ್ಪಾಕ್ಕಂ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಶ್ರವಣಾತೀತ ತರಂಗ ಹಾಯಿಸಿ, ಅವು ಗಟ್ಟಿ ಕಲ್ಲಿನವೇ ಎಂದು 2008ರಲ್ಲಿ ತೋರಿಸಿದರು. ಒಂದು ಚಕ್ಕೆಯೂ ಕದಲಲಿಲ್ಲ.

ನೆಲದಡಿಗೂ ಅದೇ ಬಗೆಯ ಉಪಾಯಗಳಿವೆ. ಕಾಂಬೋಡಿಯದ ಅಂಗೋರ್ ವಾಟ್‌ನಲ್ಲಿ ನೆಲದೊಳಕ್ಕೆ ತರಂಗ ಹಾಯಿಸುವ ರಾಡಾರ್ ಎಳೆದಾಗ, ದೇವಾಲಯ ಕಟ್ಟುವ ಕಾಲದಲ್ಲೇ ಎಬ್ಬಿಸಿ ಕೆಡವಿದ್ದ ಗೋಪುರಗಳ ಬುಡ ಸಿಕ್ಕಿತು. 2015ರಲ್ಲಿ ಅದು ಪ್ರಕಟವಾಯಿತು. ಹಂಪಿಯ ಒಣ ಗ್ರಾನೈಟ್ ನೆಲ ರಾಡಾರ್‌ಗೆ ಒಳ್ಳೆಯದು. ಕಾಲುವೆ ಬದಿಯ ಹಸಿ ಜೇಡಿ ಮಾತ್ರ ತರಂಗವನ್ನು ನುಂಗುತ್ತದೆ. ಅಲ್ಲಿ ಬೋರ್‌ವೆಲ್ ಪಾಯಿಂಟ್ ನೋಡುವವರು ಬಳಸುವ ವಿದ್ಯುತ್ ರೋಧದ ಯಂತ್ರವೇ ಸಾಕು. ಅದರ ಲೋಹದ ಸರಳು ನಾಟಲು ಮಣ್ಣು ಸಿಕ್ಕರಾಯಿತು.

ಪ್ರಾಕಾರದ ಹಾಸುಗಲ್ಲನ್ನು ಕಿತ್ತು ಹೊಸದಾಗಿ ಜೋಡಿಸುವಾಗ, ಹಳೆಯ ನೀರುದಾರಿಯೋ ಮೊದಲಿನ ಗುಡಿಯ ಪಾಯವೋ ಅಡಿಯಲ್ಲಿದ್ದರೆ ಅದು ಒಂದೇ ದಿನದಲ್ಲಿ ಹಾಳಾಗುತ್ತದೆ. ಅಂಥ ಕೆಲಸದ ಟೆಂಡರಿನಲ್ಲೇ ರಾಡಾರ್ ಸಮೀಕ್ಷೆಯನ್ನು ಕಡ್ಡಾಯ ಮಾಡಬೇಕು. ಅದರ ಮೂಲ ದತ್ತಾಂಶ, ಲೇಸರ್ ಸ್ಕ್ಯಾನಿನ ಬಿಂದುಗಳ ಸಮೇತ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಯಾವ ವಿದ್ಯಾರ್ಥಿಗಾದರೂ ತೆರೆದು ನೋಡಲು ಸಿಗಬೇಕು.