ಉಮಿಕರಿಯೂ ತುಂಬಿಸಿದ ಹಲ್ಲೂ

ಭತ್ತದ ಉಮಿಯನ್ನು ಸುಟ್ಟು ಮಾಡಿದ ಕರಿಗೆ ಮಲಯಾಳದಲ್ಲೂ ತಮಿಳಿನಲ್ಲೂ ‘ಉಮಿಕ್ಕರಿ’ ಎಂದೇ ಹೆಸರು. ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಮಿಯೂ ನಮ್ಮದು, ಕರಿಯೂ ನಮ್ಮದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದ ದೇವಾಂಗ ನೇಕಾರರೂ ಒಕ್ಕಲಿಗರೂ ಈ ಮಾತಿಗೆ ಹೊರಗಲ್ಲ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಭೂಪಟ ಬದಲಾಯಿತು. ಬೇವಿನ ಕಡ್ಡಿ, ಉಪ್ಪು, ಇದ್ದಿಲ ಪುಡಿಗಳು ಮಾತ್ರ ಎರಡೂ ಕಡೆ ಉಳಿದವು.

ಇವುಗಳ ಜೊತೆಗೇ ಪೊಟ್ಟಣದ ಹಲ್ಲುಪುಡಿಯೂ ಬಂತು. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡದ ಮನೆಮಾತಾಯಿತು.

ಹುಳುಕು ಹಲ್ಲನ್ನು ಕೊರೆದು ತುಂಬಿಸುವ ವಿದ್ಯೆಯ ದಾರಿ ಬೇರೆ. ಬೆಳ್ಳಿ, ತವರ, ಪಾದರಸಗಳ ಮಿಶ್ರಣವನ್ನು 1890ರ ದಶಕದಲ್ಲಿ ಅಮೆರಿಕದ ಜಿ. ವಿ. ಬ್ಲ್ಯಾಕ್ ಹದಕ್ಕೆ ತಂದರು. ನಮ್ಮ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. ಮದರಾಸಿನಲ್ಲಿ ದಂತವೈದ್ಯ ಶಿಕ್ಷಣ ಆರಂಭವಾದದ್ದು 1953ರಲ್ಲಿ. ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗಿಗೆ ದಾರಿ ಮಾಡಿದ ರಾಫೆಲ್ ಬೋವೆನ್ ಅವರ ಪೇಟೆಂಟ್ 1962ರದು. ಎಂದರೆ, ನಮ್ಮ ಹಿರಿಯರು ಕರಿಯಲ್ಲಿ ಹಲ್ಲುಜ್ಜುತ್ತಿದ್ದ ಕಾಲದಲ್ಲಿ ಅವರ ಬಾಯಲ್ಲಿ ಇದ್ದದ್ದು ಹುಟ್ಟುಹಲ್ಲು ಮಾತ್ರ. ತುಂಬಿಸಿದ ಹಲ್ಲಿಗೂ ಉಮಿಕರಿಗೂ ಭೇಟಿಯಾದದ್ದು ತೀರ ಈಚೆಗೆ.

ಆ ಭೇಟಿ ಒಳ್ಳೆಯದಾಗಲಿಲ್ಲ. ಉಮಿಯಲ್ಲಿ ಸಿಲಿಕಾ ಹೆಚ್ಚು. ಸುಟ್ಟರೂ ಅದು ಉಳಿಯುತ್ತದೆ, ಉಜ್ಜಿದಾಗ ತರಿಯುತ್ತದೆ. ರೆಸಿನ್ ಫಿಲ್ಲಿಂಗೆಂದರೆ ಗಾಜಿನಂಥ ಸಣ್ಣ ಕಣಗಳನ್ನು ಪ್ಲಾಸ್ಟಿಕ್ಕಿನಂಥ ಅಂಟು ಹಿಡಿದಿಟ್ಟುಕೊಂಡದ್ದು. ಮೊದಲು ಸವೆಯುವುದು ಅಂಟು. ಮೇಲ್ಮೈ ಒರಟಾಗುತ್ತದೆ, ಹೊಳಪು ಹೋಗುತ್ತದೆ, ಕಾಫಿಯ, ಎಲೆಅಡಿಕೆಯ ಕಲೆ ಬೇಗ ಕೂರುತ್ತದೆ. ಹಲ್ಲೂ ಫಿಲ್ಲಿಂಗೂ ಸೇರುವ ಅಂಚಿನಲ್ಲಿ ಸಂದಿದ್ದರೆ ಕರಿಯ ಕಣಗಳು ಹೊಕ್ಕು ಕಪ್ಪು ಗೆರೆ ಮೂಡುತ್ತದೆ. ಅದು ಕರಿಯೋ ಹೊಸ ಹುಳುಕೋ ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಲೋಹದ ಫಿಲ್ಲಿಂಗ್ ಸವೆತವನ್ನು ಹೆಚ್ಚು ತಾಳುತ್ತದೆ. ಆದರೆ ಅದರ ಅಂಚಿಗೂ ಸಂದಿನ ಭಯ ತಪ್ಪಿದ್ದಲ್ಲ.

ಈಗ ಅದೇ ಕರಿ ಟ್ಯೂಬಿನೊಳಗೆ ಕುಳಿತು, ‘ಚಾರ್ಕೋಲ್’ ಎಂಬ ಹೊಸ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮನೆಗೆ ಮರಳಿದೆ. ಇಂಥ ಸರಕುಗಳು ಸುರಕ್ಷಿತ, ಪರಿಣಾಮಕಾರಿ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಸಮೀಕ್ಷೆ ಹೇಳಿದೆ. ಎಷ್ಟೋ ಕಡೆ ಇದರಲ್ಲಿ ಹುಳುಕು ತಡೆಯುವ ಫ್ಲೋರೈಡೂ ಇರುವುದಿಲ್ಲ.

ಹಿರಿಯರು ತಮಗೆ ಸಿಕ್ಕಿದ್ದರಲ್ಲಿ ಶುಚಿಯಾಗಿ ಬಾಳಿದರು. ಅವರನ್ನು ಅಣಕಿಸುವುದು ಬೇಡ. ಆದರೆ ಹಣ ತೆತ್ತು ಹಲ್ಲು ತುಂಬಿಸಿಕೊಂಡವರಿಗೆ ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಸಾಕು. ಮೂರು ಭಾಷೆಗಳನ್ನು ಬೆಸೆದ ಉಮಿಕರಿ ಎಂಬ ಮಾತನ್ನು ನಾಲಗೆಯ ಮೇಲೆ ಉಳಿಸಿಕೊಳ್ಳೋಣ. ಪುಡಿಯನ್ನು ಪಾತ್ರೆ ಬೆಳಗಲು ಇಟ್ಟುಕೊಳ್ಳೋಣ.